ಮೊದಲ ತಟ್ಟೆ ದೊಡ್ಡಮ್ಮನದು

ನಮ್ಮ ದೊಡ್ಡಮ್ಮನ ಬಗ್ಗೆ ಬೀದಿಯಲ್ಲಿ ಈಗ ಎರಡು ಥರದ ಮಾತಿದೆ. ಮಕ್ಕಳನ್ನು ಸಾಕಿದವಳು ಅಂತ ಕೆಲವರು, ಮಕ್ಕಳನ್ನು ಕೊಲ್ಲಲು ಹೊರಟವಳು ಅಂತ ಇನ್ನು ಕೆಲವರು. ಎರಡು ಕಡೆಯವರೂ ಅವಳ ಕೈಯಡುಗೆ ಉಂಡವರೇ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನದು ಹೊಲಿಗೆ ಅಂಗಡಿ. ಕಿಟಕಿ ತೆರೆದರೆ ಎದುರಿಗೇ ಶಾಲೆಯ ಅಡುಗೆಮನೆ. ನಡುವೆ ಒಂದು ಸಣ್ಣ ರಸ್ತೆ, ಮೋರಿ, ಒಂದು ಮೋಟುಗೋಡೆ, ಅದರಾಚೆ ತರಕಾರಿ ತೋಟ. ಮೆಷಿನ್ ತುಳಿಯುತ್ತಲೇ ನಾನು ವರ್ಷಗಟ್ಟಲೆ ದೊಡ್ಡಮ್ಮ ಬೇಯಿಸುವುದನ್ನು ನೋಡಿದ್ದೇನೆ. ನನ್ನ ಅಪ್ಪನ ಅಣ್ಣನ ಹೆಂಡತಿ ಅವಳು. ಗಿಡ್ಡಗೆ, ಗುಂಡಗೆ ಇದ್ದಾಳೆ. ಅಡುಗೆ ಹೇಗಾಗಿದೆ ಎಂದು ಕೇಳಿದರೆ ಒಂದೋ ‘ಆಯ್ತು’ ಅನ್ನುತ್ತಾಳೆ, ಇಲ್ಲವೇ ‘ಆಗಿಲ್ಲ’ ಅನ್ನುತ್ತಾಳೆ. ಮೂರನೆಯ ಮಾತು ಆ ಬಾಯಿಂದ ಹೊರಡಿಸಬೇಕಾದರೆ ಹರಸಾಹಸ ಪಡಬೇಕು.

ತೋಟ ಬರುವುದಕ್ಕೆ ಮುಂಚೆ ಆ ಶಾಲೆಯ ಮಕ್ಕಳಿಗೆ ಬಟ್ಟೆ ಹೊಲಿಯುವುದು ನನಗೆ ಬಲು ಸುಲಭವಾಗಿತ್ತು. ಒಂದು ಸಲ ಅಳತೆ ತೆಗೆದರೆ ಮುಂದಿನ ವರ್ಷಕ್ಕೂ ಅದೇ ನಡೆಯುತ್ತಿತ್ತು, ಯಾಕೆಂದರೆ ಮಕ್ಕಳು ಬೆಳೆಯುತ್ತಲೇ ಇರಲಿಲ್ಲ. ಬಾಯಿಯ ಅಂಚು ಒಡೆದಿರುತ್ತಿತ್ತು, ಕಣ್ಣಿನ ಒಳರೆಪ್ಪೆ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತಿತ್ತು. ಬೆಳಗಿನ ಸಾಲಿನಲ್ಲಿ ಒಬ್ಬರಲ್ಲ ಒಬ್ಬರು ತಲೆಸುತ್ತಿ ಬೀಳುತ್ತಿದ್ದರು. ಮಧ್ಯಾಹ್ನ ಶಾಲೆಯಲ್ಲಿ ಸಿಗುತ್ತಿದ್ದದ್ದು ಅನ್ನ ಮತ್ತು ಮುಖ ನೋಡಿಕೊಳ್ಳಬಹುದಾದಷ್ಟು ತೆಳುವಾದ ಬೇಳೆ. ಅದನ್ನು ಬಡಿಸಿ ಬಡಿಸಿ ದೊಡ್ಡಮ್ಮನಿಗೆ ರೋಸಿಹೋಗಿತ್ತು.

ಶಾಲೆಯ ಹಿಂದೆ ಒಡೆದ ಇಟ್ಟಿಗೆ, ಗಾಜಿನ ಚೂರು ಬಿದ್ದಿದ್ದ ಜಾಗವನ್ನು ಅವಳು ದೊಡ್ಡ ಟೀಚರ ಬೆನ್ನು ಬಿದ್ದು ಕೇಳಿ ಪಡೆದಳು. ಅಗೆಯಲು ನಾದಿನಿಯನ್ನು ಕರೆತಂದಳು. ಆ ನಾದಿನಿ ಅಂದರೆ ನನ್ನ ಅಪ್ಪನ ತಂಗಿ, ನನಗೆ ಅತ್ತೆ. ಅತ್ತೆಯನ್ನು ಆಮೇಲೆ ತೋಟದ ಕೆಲಸಕ್ಕೇ ಇಟ್ಟುಕೊಂಡರು. ಇಬ್ಬರದೂ ಅಕ್ಕಪಕ್ಕದ ಮನೆ. ಬೆಳಗಿನಿಂದ ಸಂಜೆತನಕ ಕಿತ್ತಾಡುತ್ತಿದ್ದರು, ಆದರೆ ಒಬ್ಬರಿಗೆ ನೆಗಡಿಯಾದರೆ ಇನ್ನೊಬ್ಬರು ಸೀನುತ್ತಿದ್ದರು. ಅಕ್ಕಿ ತೊಳೆದ ನೀರೆಲ್ಲ ತೋಟಕ್ಕೆ ಹೋಯಿತು. ಸೊಪ್ಪು ಬಂತು, ಕುಂಬಳ ಬಂತು, ಅವರೆ ಬಂತು, ಸೋರೆ ಬಂತು. ತಾಯಂದಿರು ಸಸಿ ಕೇಳಿಕೊಂಡು ಹೋಗಿ ಮನೆ ಮುಂದೆ ಡಬ್ಬಿಗಳಲ್ಲಿ ಬೆಳೆಸಿದರು. ಕೆಲವೇ ವರ್ಷಗಳಲ್ಲಿ ನಾನು ಮಕ್ಕಳ ಬಟ್ಟೆಗೆ ಒಳಗಡೆ ಜಾಸ್ತಿ ಬಟ್ಟೆ ಬಿಟ್ಟು ಹೊಲಿಯಬೇಕಾಯಿತು. ವರ್ಷದ ಮಧ್ಯದಲ್ಲೇ ಸೊಂಟ ಬಿಡಿಸಿಕೊಡಿ ಎಂದು ಬರುತ್ತಿದ್ದರು. ಅಷ್ಟು ಸಂತೋಷದಿಂದ ನಾನು ಬೇರೆ ಯಾವ ಹೊಲಿಗೆಯನ್ನೂ ಬಿಚ್ಚಿಲ್ಲ.

ಮೊದಮೊದಲು ಮಕ್ಕಳು ಸೊಪ್ಪು ಕಂಡರೆ ಮುಖ ಕಿವುಚುತ್ತಿದ್ದರು, ಬಾಯಿಗಿಟ್ಟು ಉಗುಳುತ್ತಿದ್ದರು. ಅದಕ್ಕೆ ದೊಡ್ಡಮ್ಮ ಒಂದು ರೂಢಿ ಹಾಕಿದಳು. ಊಟದ ಗಂಟೆಗೆ ಮುಂಚೆ ಎಲ್ಲ ಮಕ್ಕಳ ಎದುರಿಗೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು, ಅದೇ ಪಾತ್ರೆಯಿಂದ ತನ್ನ ತಟ್ಟೆ ತುಂಬಿಸಿಕೊಂಡು, ಒಂದಗುಳೂ ಬಿಡದೆ ಉಣ್ಣುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಬಡಿಸುತ್ತಿದ್ದಳು. ದೊಡ್ಡ ಟೀಚರು ತಮ್ಮ ಲೆಕ್ಕದಲ್ಲಿ ಇನ್ನೊಂದು ಸೇರಿಸಿದರು: ತೋಟದಲ್ಲಿ ಬೆಳೆದದ್ದನ್ನು ಯಾರೂ ಕಹಿ, ಸಪ್ಪೆ, ಥೂ ಅನ್ನಬಾರದು. ಅಂದವರು ಊಟ ಮುಗಿಯುವವರೆಗೆ ನಿಂತಿರಬೇಕು. ಮಕ್ಕಳು ಬಾಯಿ ಮುಚ್ಚಿಕೊಂಡು ತಿನ್ನುವುದನ್ನು ಕಲಿತರು. ಆ ನಿಯಮ ನನಗೆ ಯಾವತ್ತೂ ಹಿಡಿಸಲಿಲ್ಲ. ತುತ್ತು ಹಾಕುವುದರ ಜೊತೆಗೆ ಬಾಯಿಗೆ ಬೀಗ ಯಾಕೆ ಹಾಕಬೇಕು ಎಂದು ಒಮ್ಮೆ ಕೇಳಿಯೂ ಇದ್ದೆ. ನೀವು ಬಟ್ಟೆ ಹೊಲಿಯಿರಿ, ನಾವು ಮಕ್ಕಳನ್ನು ನೋಡಿಕೊಳ್ಳುತ್ತೇವೆ ಎಂದು ದೊಡ್ಡ ಟೀಚರು ನಗುತ್ತಲೇ ಹೇಳಿ ಕಳಿಸಿದ್ದರು.

ಸೋರೆಕಾಯಿಯ ವಿಷಯಕ್ಕೆ ಮಾತ್ರ ದೊಡ್ಡಮ್ಮ ಬೇರೆಯೇ ಹೆಂಗಸು. ಪ್ರತಿಯೊಂದು ಕಾಯಿಯ ತೊಟ್ಟಿನ ಕಡೆಯಿಂದ ಒಂದು ಚೂರು ಕೊಯ್ದು, ಹಸಿಯಾಗಿಯೇ ಕಚ್ಚಿ, ಮುಂದಿನ ಹಲ್ಲಲ್ಲಿ ಅಗಿದು ನೋಡದೆ ಪಾತ್ರೆಗೆ ಹಾಕುತ್ತಿರಲಿಲ್ಲ. ಹಾಗಲಕಾಯಿಯ ಕಹಿ ಊಟ, ಸೋರೆಕಾಯಿಯ ಕಹಿ ವಿಷ, ಅದು ಕುದಿಸಿದರೂ ಹೋಗುವುದಿಲ್ಲ ಎಂದು ಪಾಠ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು. ಕಹಿ ಸಿಕ್ಕರೆ ಉಗುಳಿ, ಇಡೀ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆದು, ಬಾಯಿ ಮುಕ್ಕಳಿಸುತ್ತಿದ್ದಳು. ಡಬ್ಬಿಯಲ್ಲಿ ಬಳ್ಳಿ ಹಬ್ಬಿಸಿದ ತಾಯಂದಿರಿಗೂ ಇದನ್ನೇ ಕಲಿಸಿದ್ದಳು. ಸೋರೆ ಕೊಯ್ಯುವಾಗ ಅವಳ ದವಡೆ ಆಡುವುದು ನನ್ನ ಕಿಟಕಿಗೂ ಕಾಣುತ್ತಿತ್ತು.

ಹೋದ ವರ್ಷ ಅವಳಿಗೆ ಜ್ವರ ಬಂತು. ಬೀದಿಯಲ್ಲಿ ಎಲ್ಲರಿಗೂ ಬಂದಿದ್ದ ಜ್ವರ, ಎಲ್ಲರಿಗೂ ಹೋದ ಹಾಗೆ ಅವಳಿಗೂ ಹೋಯಿತು. ಆದರೆ ಹೋಗುವಾಗ ಅವಳ ನಾಲಿಗೆಯ ರುಚಿಯನ್ನು, ಮೂಗಿನ ವಾಸನೆಯನ್ನು ತೆಗೆದುಕೊಂಡು ಹೋಯಿತು. ಉಪ್ಪು, ಖಾರ, ಹುಳಿ, ಸಿಹಿ, ಕಹಿ, ಎಲ್ಲವೂ ಅವಳಿಗೆ ಒದ್ದೆ ಕಾಗದ ಅಗಿದ ಹಾಗೆ. ಇದು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಪಕ್ಕದ ಮನೆಯ ಅತ್ತೆಗೂ ಗೊತ್ತಿರಲಿಲ್ಲ. ಉಪ್ಪನ್ನು ಅವಳು ಯಾವಾಗಲೂ ಕೈಯಳತೆಯಲ್ಲೇ ಹಾಕುತ್ತಿದ್ದವಳು, ಆ ಕೈ ತಪ್ಪಲಿಲ್ಲ. ಅಡುಗೆ ಎಂದಿನಂತೆ ಚೆನ್ನಾಗಿಯೇ ಆಗುತ್ತಿತ್ತು. ಇವತ್ತಲ್ಲ ನಾಳೆ ರುಚಿ ವಾಪಸು ಬರುತ್ತದೆ ಎಂದು ಅವಳು ಕಾದಳು. ಹೇಳಿದರೆ ಕೆಲಸದಿಂದ ತೆಗೆಯುತ್ತಾರೆ. ರುಚಿ ಗೊತ್ತಾಗದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಮನೆಯಲ್ಲಿ ಮೊಮ್ಮಗಳಿದ್ದಳು. ಆ ಮಗುವಿನ ತಾಯಿ ದೂರದ ಊರಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು, ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ ಹೋಗಿದ್ದಳು. ಮಗುವನ್ನು ನಾವೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದೆವು. ಅದೇ ಶಾಲೆ, ಅದೇ ಊಟ.

ಹಾಗಾಗಿ ಅವಳು ಸೋರೆಯ ಚೂರು ಕೊಯ್ಯುವುದನ್ನು ಬಿಡಲಿಲ್ಲ. ಕೊಯ್ದಳು, ಕಚ್ಚಿದಳು, ಅಗಿದಳು, ತಲೆಯಾಡಿಸಿದಳು, ಪಾತ್ರೆಗೆ ಹಾಕಿದಳು. ನೋಡುವವರ ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಇಷ್ಟು ವರ್ಷದಲ್ಲಿ ಕಹಿ ಕಾಯಿ ಸಿಕ್ಕಿದ್ದು ಅಪರೂಪಕ್ಕೊಮ್ಮೆ, ಏನೂ ಆಗಲಿಕ್ಕಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಿರಬೇಕು.

ಆ ಹೊತ್ತಿಗೆ ಬೇಲಿಯ ಹತ್ತಿರ ಇನ್ನೊಂದು ಕೆಲಸ ನಡೆದುಹೋಗಿತ್ತು. ಡ್ರಾಯಿಂಗ್ ಮೇಷ್ಟ್ರು ಎಲ್ಲಿಂದಲೋ ಕಾಡುಸೋರೆಯ ಬೀಜ ತಂದು ಹಾಕಿದ್ದರು. ಅದರ ಕಾಯಿ ತಿನ್ನುವುದಕ್ಕಲ್ಲ. ಒಣಗಿಸಿ ಬುರುಡೆ ಮಾಡಿ ಮಕ್ಕಳಿಂದ ಕಣ್ಣು ಮೂಗು ಬರೆಸಲಿಕ್ಕೆ. ಬುರುಡೆಗಳನ್ನು ವರಾಂಡದಲ್ಲಿ ಸಾಲಾಗಿ ನೇತುಹಾಕಿದರು, ಗಾಳಿ ಬಂದಾಗ ಅವು ಒಂದಕ್ಕೊಂದು ತಾಗಿ ಟೊಳ್ಳು ಸದ್ದು ಮಾಡುತ್ತಿದ್ದವು. ಅತ್ತೆಗೆ ಅಂಗಡಿಯ ಬೀಜದ ಮೇಲೆ ನಂಬಿಕೆಯಿಲ್ಲ. ಪ್ರತಿ ವರ್ಷ ಎಲ್ಲಕ್ಕಿಂತ ಸೊಕ್ಕಿ ಬೆಳೆದ ಬಳ್ಳಿಯ ಒಂದು ಕಾಯಿಯನ್ನು ಬೀಜಕ್ಕೆಂದು ಬಿಡುತ್ತಿದ್ದಳು. ಆ ವರ್ಷ ಸೊಕ್ಕಿದ್ದು ಬೇಲಿಯ ಪಕ್ಕದ ಅಡುಗೆಯ ಸೋರೆಬಳ್ಳಿ. ಹೂವಿಂದ ಹೂವಿಗೆ ಹೋಗುವ ಜೇನುಹುಳುವಿಗೆ ಯಾವುದು ತಿನ್ನುವ ಸೋರೆ, ಯಾವುದು ಗೊಂಬೆ ಮಾಡುವ ಸೋರೆ ಎಂದು ಹೇಗೆ ಗೊತ್ತಾಗಬೇಕು? ಕಾಡಿನ ಕಹಿ ಅತ್ತೆಯ ಬೀಜದೊಳಗೆ ಸೇರಿಕೊಂಡಿತು, ಅತ್ತೆ ಅದನ್ನು ಬೂದಿಯಲ್ಲಿ ಹೊರಳಿಸಿ ಜೋಪಾನವಾಗಿ ಡಬ್ಬಿಯಲ್ಲಿಟ್ಟಳು.

ಈ ವರ್ಷದ ಬಳ್ಳಿ ನೋಡಿದವರೆಲ್ಲ ಬೆರಗಾದರು. ಎಲೆ ಮೊರದಗಲ, ಕಾಯಿ ನುಣುಪು, ಹುಳುವಿಲ್ಲ, ಕಲೆಯಿಲ್ಲ. ನೋಡಲು ಮಾಮೂಲಿ ಸೋರೆಯೇ. ಒಂದೇ ಒಂದು ವಿಚಿತ್ರವನ್ನು ಅತ್ತೆಯೇ ನನಗೆ ಹೇಳಿದ್ದಳು, ಅದೂ ಜಂಬದಿಂದ. ಪ್ರತಿ ವರ್ಷ ಅಳಿಲುಗಳು ಸೋರೆಕಾಯಿಯನ್ನು ಅರ್ಧಕ್ಕರ್ಧ ತಿಂದು ಹಾಕುತ್ತಿದ್ದವು. ಈ ಸಲ ಕಾಯಿಗಳ ಮೇಲೆ ಅಲ್ಲಲ್ಲಿ ಒಂದೊಂದೇ ಹಲ್ಲಿನ ಗುರುತು, ಅಷ್ಟೆ. ಒಮ್ಮೆ ಕಚ್ಚಿದ ಕಾಯಿಯ ಹತ್ತಿರ ಅವು ಮತ್ತೆ ಸುಳಿದಿರಲಿಲ್ಲ. ತಾನು ತಗಡು ಬಡಿದು ಹೆದರಿಸಿದ್ದಕ್ಕೇ ಓಡಿಹೋದವು ಎಂದು ಅತ್ತೆ ಬೀಗುತ್ತಿದ್ದಳು.

ಆ ಕಾಯಿಗಳನ್ನು ಮೊದಲ ಸಲ ಕೊಯ್ದದ್ದು ತೋಟ ನೋಡಲು ಜನ ಬರುವ ದಿನ. ಬೇರೆ ಶಾಲೆಗಳ ಟೀಚರುಗಳು, ಇಬ್ಬರು ಅಧಿಕಾರಿಗಳು, ಒಬ್ಬ ಫೋಟೋ ತೆಗೆಯುವವನು ಬಂದಿದ್ದರು. ಅವರವರ ಊರುಗಳಲ್ಲೂ ಇಂಥದೇ ತೋಟ ಮಾಡಬೇಕೆಂದು ನೋಡಲು ಬಂದವರು. ಅವತ್ತಿನ ಊಟದಲ್ಲಿ ತರಕಾರಿಯೆಲ್ಲ ತೋಟದ್ದೇ ಇರಬೇಕೆಂದು ದೊಡ್ಡ ಟೀಚರು ಹೇಳಿದ್ದರು. ದೊಡ್ಡಮ್ಮ ಬೆಳಿಗ್ಗೆಯೇ ಮಣೆಯ ಮುಂದೆ ಕೂತಳು. ಕಾಯಿಗೊಂದು ಚೂರು ಕೊಯ್ದು ಕಚ್ಚಿದಳು. ಒಬ್ಬ ಅಧಿಕಾರಿ ಬಗ್ಗಿ ನೋಡಿ, ಯಾಕಮ್ಮ ಹೀಗೆ ಎಂದು ಕೇಳಿದರು. ದೊಡ್ಡ ಟೀಚರೇ ಮುಂದೆ ಬಿದ್ದು ವಿವರಿಸಿದರು. ಇವರ ನಾಲಿಗೆ ದಾಟದೆ ಒಂದು ಕಾಯಿಯೂ ನಮ್ಮ ಮಕ್ಕಳ ತಟ್ಟೆಗೆ ಹೋಗುವುದಿಲ್ಲ ಎಂದರು. ಫೋಟೋದವನು ಇನ್ನೊಮ್ಮೆ ಕಚ್ಚಿ ಅಂದ. ದೊಡ್ಡಮ್ಮ ಇನ್ನೊಮ್ಮೆ ಕಚ್ಚಿದಳು.

ಗಂಟೆಗೆ ಮುಂಚೆ ಮೆಟ್ಟಿಲ ಮೇಲೆ ಕೂತು ತನ್ನ ತಟ್ಟೆ ಮುಗಿಸಿದಳು. ಬಂದವರಿಗೆ ತಡವಾಗುತ್ತಿದೆ, ಅವರ ಊಟ ಬೇರೆ ಕಡೆ ಇದೆ ಎಂದು ದೊಡ್ಡ ಟೀಚರು ಕಾಯದೆ ಕೂಡಲೇ ಬಡಿಸಲು ಹೇಳಿದರು. ಮಕ್ಕಳು ವರಾಂಡದಲ್ಲಿ ಸಾಲಾಗಿ ಕೂತಿದ್ದು ನನಗೆ ಕಿಟಕಿಯಿಂದ ಚೆನ್ನಾಗಿ ಕಾಣುತ್ತಿತ್ತು. ಮೊದಲ ತುತ್ತಿಗೆ ಒಬ್ಬ ಹುಡುಗನ ಮುಖ ಮುದುಡಿತು. ಅವನು ಪಕ್ಕದವಳನ್ನು ನೋಡಿದ, ಅವಳು ಆಚೆಯವಳನ್ನು ನೋಡಿದಳು, ಮತ್ತೆ ಎಲ್ಲರೂ ದೊಡ್ಡಮ್ಮನ ಕಡೆ ನೋಡಿದರು. ಅವಳ ಖಾಲಿ ತಟ್ಟೆ ಮೆಟ್ಟಿಲ ಮೇಲೆಯೇ ಇತ್ತು. ಅಧಿಕಾರಿಗಳು ನೋಡುತ್ತಿದ್ದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಊಟದ ಹೊತ್ತಿನಲ್ಲಿ ಮಕ್ಕಳು ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಂದವರು ಅದನ್ನು ಶಿಸ್ತು ಅಂದುಕೊಂಡು ಮೆಚ್ಚಿಕೊಂಡರು. ಗುಬ್ಬಿಯ ತಟ್ಟೆ ಎಲ್ಲರಿಗಿಂತ ಮುಂಚೆ ಖಾಲಿಯಾಯಿತು. ಫೋಟೋದವನು ಕೇಳಿದ್ದಕ್ಕೆ ದೊಡ್ಡಮ್ಮ ನಗುತ್ತಾ ಅವಳಿಗೆ ಇನ್ನೊಂದು ಸೌಟು ಹಾಕಿದಳು.

ಬಂದವರ ಗಾಡಿ ರಸ್ತೆಯ ತಿರುವು ದಾಟಿತ್ತೋ ಇಲ್ಲವೋ, ಮೊದಲ ಮಗು ಮೋರಿಯ ಹತ್ತಿರ ಓಡಿಬಂದು ವಾಂತಿ ಮಾಡಿತು. ಅದರ ಹಿಂದೆ ಇನ್ನೊಂದು, ಮತ್ತೆ ಗುಂಪು ಗುಂಪಾಗಿ. ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲೇ ಕುಕ್ಕರಿಸಿದರು. ನಾನು ಕತ್ತರಿ ಬಿಸಾಡಿ ಓಡಿದೆ. ಅಡುಗೆಮನೆಯಲ್ಲಿ ದೊಡ್ಡಮ್ಮ ಗೋಡೆಗೆ ಒರಗಿ ನಿಂತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳೂ ವಾಂತಿ ಮಾಡಿದ್ದಳು. ಗುಬ್ಬಿ ಎಲ್ಲಿ ಎಂದು ಕೇಳುತ್ತಿದ್ದಳೇ ಹೊರತು ಬೇರೆ ಮಾತಿಲ್ಲ.

ಆಸ್ಪತ್ರೆಯಲ್ಲಿ ಮಂಚ ಸಾಲದೆ ನೆಲದ ಮೇಲೆಲ್ಲ ಹಾಸಿಗೆ ಹಾಕಿದರು. ಹೆಚ್ಚಿನ ಮಕ್ಕಳು ಸಂಜೆಯ ಹೊತ್ತಿಗೆ ಸುಧಾರಿಸಿಕೊಂಡರು. ಗುಬ್ಬಿ ಸುಧಾರಿಸಲಿಲ್ಲ. ಅವಳ ವಾಂತಿಯಲ್ಲಿ ರಕ್ತ ಕಾಣಿಸಿತು, ಕೈಕಾಲು ತಣ್ಣಗಾಯಿತು, ನಾಡಿ ಸಿಕ್ಕೂ ಸಿಗದ ಹಾಗಿತ್ತು. ಡಾಕ್ಟರು ದೊಡ್ಡ ಟೀಚರನ್ನು ಪಕ್ಕಕ್ಕೆ ಕರೆದು ಕಾಯಿ ಕಹಿ ಇತ್ತೇ ಎಂದು ಕೇಳಿದರು. ಕಾಯಿಗೆ ಹೊಡೆದ ಔಷಧಿಯ ವಿಷವಾದರೆ ಅದರ ಮದ್ದೇ ಬೇರೆ, ಕಹಿ ಸೋರೆಯ ವಿಷವಾದರೆ ನೋಡಿಕೊಳ್ಳುವ ದಾರಿಯೇ ಬೇರೆ, ತಪ್ಪು ಮದ್ದು ಕೊಟ್ಟರೆ ಈ ಮಗುವಿನ ಹೃದಯ ತಡೆಯಲಿಕ್ಕಿಲ್ಲ ಎಂದರು. ದೊಡ್ಡ ಟೀಚರು ಅನುಮಾನವೇ ಇಲ್ಲದೆ ಹೇಳಿದರು, ಕಹಿ ಇರಲು ಸಾಧ್ಯವೇ ಇಲ್ಲ, ನಮ್ಮ ಅಡುಗೆಯವರು ಪ್ರತಿ ಕಾಯಿಯನ್ನೂ ಕಚ್ಚಿ ನೋಡುತ್ತಾರೆ, ಇವತ್ತು ಎಲ್ಲರ ಕಣ್ಣೆದುರಿಗೇ ನೋಡಿದ್ದಾರೆ. ಹಾಸಿಗೆಯಲ್ಲಿದ್ದ ಮಕ್ಕಳನ್ನೂ ಕೇಳಿದರು, ಕಹಿ ಇತ್ತೇನ್ರೋ ಎಂದು. ಮಕ್ಕಳು ಅವರ ಮುಖ ನೋಡಿ, ಇಲ್ಲ ಮಿಸ್, ಅಂದವು. ಒಂದಾದ ಮೇಲೊಂದು ಎಲ್ಲವೂ ಹಾಗೇ ಅಂದವು.

ಕಹಿಯಲ್ಲವೆಂದ ಮೇಲೆ ಉಳಿದದ್ದು ಅತ್ತೆ. ಈ ಸಲ ಒಂದು ಹುಳುವೂ ಇರಲಿಲ್ಲವಲ್ಲ, ಏನು ಹೊಡೆದೆ ಎಂದು ಒಬ್ಬ ತಂದೆ ಅವಳ ತೋಳು ಹಿಡಿದು ಜಗ್ಗಿದ. ಬೂದಿ ಬಿಟ್ಟರೆ ಬೇರೆ ಏನೂ ಹಾಕಿಲ್ಲ ಎಂದು ಅವಳು ಹೇಳಿದ್ದನ್ನೇ ಹೇಳಿದಳು. ಅಳಿಲು ಕೂಡ ಮುಟ್ಟಿಲ್ಲ ಅಂತ ನೀನೇ ಹೇಳ್ತಿದ್ಯಲ್ಲ ಎಂದು ಯಾರೋ ಕೂಗಿದರು. ಬಾಗಿಲಲ್ಲಿ ಪೊಲೀಸು ಬಂದು ನಿಂತಿದ್ದ. ಜನ ಒಬ್ಬರ ಮೇಲೆ ಒಟ್ಟಿಗೆ ತಿರುಗಿಬೀಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅತ್ತೆಯ ಸಸಿ ಮನೆಯ ಮುಂದೆ ನೆಟ್ಟುಕೊಂಡವರೇ ಅವರೆಲ್ಲ. ನರ್ಸಮ್ಮ ಒಂದು ಸೂಜಿ ತಯಾರು ಮಾಡಿಕೊಂಡು ಡಾಕ್ಟರ ಮಾತಿಗೆ ಕಾಯುತ್ತಿದ್ದಳು.

ಗುಬ್ಬಿಯ ಪಕ್ಕದ ಮಂಚದಲ್ಲಿ ದೊಡ್ಡಮ್ಮ ಮಲಗಿದ್ದಳು. ಅವಳ ಕೈಗೂ ಗ್ಲೂಕೋಸ್ ಹಾಕಿದ್ದರು. ಈ ಮಾತನ್ನೆಲ್ಲ ಅವಳು ಸೂರು ನೋಡುತ್ತಾ ಕೇಳಿಸಿಕೊಂಡಳು. ಆಮೇಲೆ ಎದ್ದು, ಬಾಟಲಿ ತೂಗುಹಾಕಿದ್ದ ಕಂಬವನ್ನು ಎಳೆದುಕೊಂಡೇ ಬಂದು, ಮೊಮ್ಮಗಳ ಹಾಸಿಗೆಯ ಅಂಚಿಗೆ ಕೂತಳು.

“ಗುಬ್ಬಿ, ನನ್ನ ನೋಡಿ ಹೇಳು. ಊಟ ಕಹಿ ಇತ್ತಾ?”

ಗುಬ್ಬಿಯ ಕಣ್ಣು ದೊಡ್ಡ ಟೀಚರ ಕಡೆ ಹೋಯಿತು.

“ಅವರನ್ನ ನೋಡಬೇಡ ಮಗಾ. ಯಾರೂ ಬೈಯಲ್ಲ. ಕಹಿ ಇತ್ತಾ?”

“ತುಂಬಾ ಕಹಿ ಇತ್ತು ಅಜ್ಜಿ. ನೀನು ಪೂರ್ತಿ ತಿಂದ್ಯಲ್ಲ. ಅದಕ್ಕೆ ನಾನೂ ತಿಂದೆ.”

“ಎರಡನೇ ಸಲದ್ದನ್ನ ಯಾಕೆ ತಿಂದೆ?”

“ನೀನೇ ಹಾಕಿದ್ಯಲ್ಲ.”

ದೊಡ್ಡಮ್ಮ ಅಳಲಿಲ್ಲ. ಡಾಕ್ಟರ ಕಡೆ ತಿರುಗಿದಳು. ಇಡೀ ವಾರ್ಡು ಅವಳನ್ನೇ ನೋಡುತ್ತಿತ್ತು.

“ನನ್ನ ನಾದಿನಿ ಏನೂ ಹೊಡೆದಿಲ್ಲ ಡಾಕ್ಟ್ರೇ. ಕಾಯಿಯೇ ಕಹಿ. ನಾನು ಕಚ್ಚಿದ್ದು ಬರೀ ನಾಟಕ. ಜ್ವರ ಬಂದು ಹೋದಾಗಿಂದ ನನ್ನ ನಾಲಿಗೆಗೆ ಏನೂ ಗೊತ್ತಾಗಲ್ಲ. ಕೆಲಸ ಹೋಗುತ್ತೆ ಅಂತ ಹೇಳಲಿಲ್ಲ.”

ಡಾಕ್ಟರು ನರ್ಸಮ್ಮನಿಗೆ ಆ ಸೂಜಿ ಬೇಡವೆಂದು ಸನ್ನೆ ಮಾಡಿ, ಬೇರೆ ಏನೋ ತರಲು ಓಡಿಸಿದರು. ಅತ್ತೆಯ ತೋಳು ಹಿಡಿದವನು ಕೈ ಬಿಟ್ಟ. ಒಬ್ಬ ತಾಯಿ ಮುಂದೆ ಬಂದು ದೊಡ್ಡಮ್ಮನ ಕೆನ್ನೆಗೆ ಹೊಡೆದಳು, ಯಾರೂ ತಡೆಯಲಿಲ್ಲ, ದೊಡ್ಡಮ್ಮನೂ ಮುಖ ಸರಿಸಲಿಲ್ಲ. ದೊಡ್ಡ ಟೀಚರು ಕುರ್ಚಿಯ ಮೇಲೆ ಕುಸಿದು ಕೂತವರು ತಲೆ ಎತ್ತಲಿಲ್ಲ. ನನಗೆ ದೊಡ್ಡಮ್ಮನ ಮೇಲೆ ಎಷ್ಟು ಕೋಪ ಬಂತೆಂದರೆ ಅವಳ ಹತ್ತಿರ ಹೋಗಿ ನಿಲ್ಲಲೂ ಮನಸ್ಸಾಗಲಿಲ್ಲ. ಅದೇ ಹೊತ್ತಿಗೆ ಅವಳನ್ನು ಅಲ್ಲಿಂದ ಎತ್ತಿಕೊಂಡು ಓಡಿಹೋಗಬೇಕು ಅಂತಲೂ ಅನ್ನಿಸುತ್ತಿತ್ತು. ಹತ್ತಿರ ಹೋದವಳು ಅತ್ತೆ ಒಬ್ಬಳೇ.

“ನನ್ನನ್ನಾದ್ರೂ ಕೇಳಬಾರದಿತ್ತಾ ಅತ್ತಿಗೆ? ಪಕ್ಕದಲ್ಲೇ ಇದ್ದೆ. ದಿನಾ ಬಂದು ಒಂದು ಚೂರು ಕಚ್ಚಿ ಹೇಳ್ತಿದ್ದೆ.”

ಗುಬ್ಬಿ ಬದುಕಿದಳು. ಆಸ್ಪತ್ರೆಯಿಂದ ಕಡೆಯದಾಗಿ ಮನೆಗೆ ಬಂದ ಮಗು ಅವಳೇ. ದೊಡ್ಡಮ್ಮನ ಕೆಲಸ ಹೋಯಿತು, ಹೋಗಲೇಬೇಕಿತ್ತು, ಆ ವಿಷಯದಲ್ಲಿ ನಾನು ಯಾರ ಜೊತೆಗೂ ಜಗಳವಾಡಿಲ್ಲ. ತೋಟದ ಗೇಟಿಗೆ ಬೀಗ ಬಿದ್ದಿದೆ. ಅದಕ್ಕೆ ಮಾತ್ರ ಜಗಳವಾಡಿದ್ದೇನೆ, ಇನ್ನೂ ಆಡುತ್ತಿದ್ದೇನೆ. ಬೀದಿಯ ಡಬ್ಬಿಗಳಲ್ಲಿದ್ದ ಬಳ್ಳಿಗಳನ್ನೆಲ್ಲ ಕಿತ್ತು ಮೋರಿಗೆ ಎಸೆದರು, ಒಳ್ಳೆಯದನ್ನೂ ಬಿಡಲಿಲ್ಲ. ಶಾಲೆಯಲ್ಲಿ ಮತ್ತೆ ತೆಳು ಬೇಳೆ ಬಡಿಸುತ್ತಿದ್ದಾರೆ. ಸೊಂಟ ಬಿಡಿಸಿಕೊಡಿ ಎಂದು ಯಾರೂ ನನ್ನ ಅಂಗಡಿಗೆ ಬರುತ್ತಿಲ್ಲ.

ಮಗು ಮನೆಗೆ ಬಂದ ದಿನ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ದೊಡ್ಡಮ್ಮ ಬರೀ ಅನ್ನ ಬೇಯಿಸಿದ್ದಳು, ಮೆತ್ತಗೆ, ಒಂದು ಚಿಟಿಕೆ ಉಪ್ಪು ಹಾಕಿ. ತಾನೇ ಮೊದಲು ಒಂದು ತುತ್ತು ತಿಂದು, ತಟ್ಟೆಯನ್ನು ಗುಬ್ಬಿಯ ಮುಂದಿಟ್ಟಳು. ಗುಬ್ಬಿಗೆ ಹಸಿವಾಗಿತ್ತು, ಕೈ ತಟ್ಟೆಯ ತನಕ ಹೋಗಿ ನಿಂತಿತು. ಅಜ್ಜಿಯನ್ನು ನೋಯಿಸಬೇಕೆಂದು ಕೇಳಿದ್ದಲ್ಲ, ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲು ಮಕ್ಕಳು ಕೇಳುವ ಹಾಗೆ ಕೇಳಿದಳು.

“ಅಜ್ಜಿ, ಇದನ್ನ ಬೇರೆ ಯಾರಾದ್ರೂ ತಿಂದು ನೋಡಿದಾರಾ?”

ನಾನು ತಿನ್ನುತ್ತೇನೆ ಎಂದು ಕೈ ಚಾಚುವಷ್ಟರಲ್ಲಿ ದೊಡ್ಡಮ್ಮ ಎದ್ದಿದ್ದಳು. ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಪಕ್ಕದ ಮನೆಗೆ ಹೋಗಿ ನಾದಿನಿಯ ಬಾಗಿಲು ತಟ್ಟಿದಳು.